ತೂಕದಕ್ಕನ ಮನೆಮದ್ದಿನ ರಿಜಿಸ್ಟರು

"ಭೂಮಿ ಮೇಲಿರೋ ಯಾವ ಕಾಯಿಲೆ ಬೇಕಾದ್ರೂ ಹೇಳಿ, ಅದರ ಮದ್ದು ನನ್ನ ಈ ಕುರ್ಚಿ ಮೇಲೆ ಒಂದಲ್ಲ ಒಂದು ದಿನ ಕೂತು ಎದ್ದು ಹೋಗಿರುತ್ತೆ!"

ಹೀಗೆ ಕೊಚ್ಚಿಕೊಳ್ಳುತ್ತಿದ್ದವನು ಮೂಲೆಯ ಕಟಿಂಗ್ ಶಾಪಿನ ಯಜಮಾನ. ಕೈಯ ಕತ್ತರಿಗಿಂತ ಬಾಯಿಯದೇ ಹೆಚ್ಚು ಚುರುಕಾದ್ದರಿಂದ ಊರು ಅವನಿಗೆ ಬಾಯಿಕತ್ತರಿ ಎಂದು ಹೆಸರಿಟ್ಟಿತ್ತು. ಅವನ ಒಂದು ಕಥೆ ಮುಗಿಯುವಷ್ಟರಲ್ಲಿ ಕತ್ತರಿಸಿದ ಕೂದಲು ಮತ್ತೆ ಬೆಳೆದು, ಅದೇ ಕುರ್ಚಿಯಲ್ಲಿ ಎರಡನೆಯ ಸಲ ಕಟಿಂಗ್ ಮಾಡಿಸಿಕೊಂಡು ಎದ್ದವರಿದ್ದಾರೆ. ಅಂಗಡಿಯಲ್ಲಿ ಮೂರು ಕನ್ನಡಿ, ತಿರುಗುವ ಕುರ್ಚಿ ಒಂದು, ತಿರುಗದ ಕುರ್ಚಿ ಒಂದು, ಕಾಯುವವರಿಗೆ ಒಂದು ಬೆಂಚು. ಬೆಂಚಿನ ಮೇಲೆ ಕೂತವರೆಲ್ಲ ಅರ್ಧ ವೈದ್ಯರು, ಕುರ್ಚಿಯ ಮೇಲೆ ಕೂತವನು ಪೂರ್ತಿ ವೈದ್ಯ. ಕತ್ತು ಬಗ್ಗಿಸಿಕೊಂಡು ಕೂತ ಮನುಷ್ಯನಿಗೆ ಮಾಡಲು ಬೇರೇನೂ ಕೆಲಸವಿರುವುದಿಲ್ಲವಲ್ಲ, ಮದ್ದು ಹೇಳುತ್ತಾನೆ.

ಇಂಥ ಬಾಯಿಯನ್ನು ಒಂದೇ ಒಂದು ನೋಟದಲ್ಲಿ ಮುಚ್ಚಿಸಬಲ್ಲವಳು ಅವನ ಹೆಂಡತಿ. ತೂಕ ಮತ್ತು ಅಳತೆ ಆಫೀಸಿನ ಇನ್ಸ್‌ಪೆಕ್ಟರು. ಊರಿಗೆಲ್ಲ ತೂಕದಕ್ಕ. ಅವಳು ಮಾರುಕಟ್ಟೆಯ ಈ ತುದಿಯಲ್ಲಿ ಕಾಲಿಟ್ಟರೆ ಆ ತುದಿಯ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವು. ಗೆಣಸು ಈರುಳ್ಳಿಗಳು ಕೂಡ ಮೈ ಬಿಗಿಹಿಡಿದು ಒಂದು ಗುಲಗಂಜಿ ಹೆಚ್ಚೇ ತೂಗುತ್ತಿದ್ದವಂತೆ. ಅವಳಿಗೆ ತಕ್ಕಡಿ ಬೇಕಿರಲಿಲ್ಲ. ಅಂಗಡಿಯವನ ತೂಕದ ಬಟ್ಟನ್ನು ಅಂಗೈಯಲ್ಲಿಟ್ಟು, ಕಣ್ಣು ಮುಚ್ಚಿ, "ಹತ್ತು ಗ್ರಾಂ ಸವೆದಿದೆ, ಬದಲಾಯಿಸಿ" ಎನ್ನುತ್ತಿದ್ದಳು. ಆಫೀಸಿಗೆ ಒಯ್ದು ತೂಗಿದರೆ ಹನ್ನೊಂದಿರುತ್ತಿತ್ತು. ಆ ಒಂದು ಗ್ರಾಂ ತಪ್ಪಿಗೆ ಅವಳು ದಿನವಿಡೀ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದಳು. ಸರಿಯಿದ್ದ ಬಟ್ಟಿಗೆ ಉಕ್ಕಿನ ಪುಟ್ಟ ಉಳಿಯಿಂದ ಮುದ್ರೆ ಹೊಡೆಯುವಳು. ಉಳಿಯ ತುದಿಯಲ್ಲಿ ಹದಿನೇಳು ಎಂಬ ಅಂಕಿ. ಇಪ್ಪತ್ತಾರು ವರ್ಷದಿಂದ ಆ ಸೀಮೆಯಲ್ಲಿ ಹದಿನೇಳು ಎಂದರೆ ಸಂಖ್ಯೆಯಲ್ಲ, ಅವಳ ಮಾತು.

ಅಂಥವಳನ್ನು ಕೆಡವಿದ್ದು ಎಳ್ಳು ಕಾಳಿನಷ್ಟಿದ್ದ, ರಕ್ತ ಹೀರುವ ಒಂದು ಉಣುಗು.

ಊರಾಚೆ, ಕಲ್ಲುಕ್ವಾರಿಯ ಪಕ್ಕದಲ್ಲಿ, ಲಾರಿಗಳನ್ನು ತೂಗುವ ವೇಬ್ರಿಜ್ ಇದೆ. ಅದರ ಸುತ್ತ ಸೊಂಟದುದ್ದ ಹುಲ್ಲು. ವೇಬ್ರಿಜ್ ತಪಾಸಣೆಗೆ ಹೋದವಳು ಹುಲ್ಲಿನಲ್ಲಿ ನಿಂತು ಬರೆದುಕೊಂಡಳು, ಮನೆಗೆ ಬಂದಳು. ವಾರದ ಮೇಲೆ ಮೊಣಕಾಲಿನ ಹಿಂದೆ ಕೆಂಪು ಬಳೆಯಂತೆ ಒಂದು ಗುರುತು. ಬೇರೆಯವರಾಗಿದ್ದರೆ ಡಾಕ್ಟರ ಹತ್ತಿರ ಓಡುತ್ತಿದ್ದರು. ಇವಳು ಸ್ಕೇಲು ತಂದು ಅಳೆದಳು. ಸೋಮವಾರ ಒಂಬತ್ತು ಸೆಂಟಿಮೀಟರ್, ಗುರುವಾರ ಹನ್ನೊಂದು, ಮುಂದಿನ ಸೋಮವಾರ ಹದಿನಾಲ್ಕು. ಬರೆದಿಟ್ಟಳು. ಆಮೇಲೆ ಅದು ಮಾಯವಾಯಿತು. "ವಜಾ" ಎಂದು ಬರೆದು ಗೆರೆ ಎಳೆದಳು. ಅಳೆದದ್ದೆಲ್ಲ ಅರ್ಥವಾದಂತೆ ಎಂದುಕೊಳ್ಳುವುದು ಅಳತೆಯವರ ಹುಟ್ಟುಗುಣ.

ಮೂರು ತಿಂಗಳಿಗೆ ಎಡ ಮೊಣಕಾಲು ಬೂದುಗುಂಬಳದಂತೆ ಊದಿತು. ಮೆಟ್ಟಿಲ ಮೇಲೆ ಕೂತರೆ ಏಳಲಾಗದ ಸುಸ್ತು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, "ಲೈಮ್ ಕಾಯಿಲೆ. ಉಣುಗು ಕಚ್ಚಿದ್ದರಿಂದ ಬಂದಿದ್ದು" ಎಂದರು. ಇಪ್ಪತ್ತೆಂಟು ದಿನ ಮಾತ್ರೆ. ಒಂದೂ ತಪ್ಪಿಸದೆ ನುಂಗಿದಳು. ಊತ ಇಳಿಯಿತು. ಆದರೆ ಸುಸ್ತು ಹೋಗಲಿಲ್ಲ, ಕೀಲುನೋವು ಹೋಗಲಿಲ್ಲ, ಬೆರಳ ತುದಿಗಳಲ್ಲಿ ಜೋಮು ಬಂದು ಕೂತಿತು.

"ಇನ್ನೊಂದು ಕೋರ್ಸು ಮಾತ್ರೆ ಕೊಟ್ಟುಬಿಡಿ ಡಾಕ್ಟರಮ್ಮ, ಗಟ್ಟಿದು" ಎಂದ ಬಾಯಿಕತ್ತರಿ.

"ಕೊಟ್ಟರೆ ಉಪಯೋಗ ಇಲ್ಲ, ತೊಂದರೆ ಇದೆ. ಕೆಲವರಿಗೆ ಹೀಗೇ ತಿಂಗಳುಗಟ್ಟಲೆ ಉಳಿಯುತ್ತೆ, ನಿಧಾನಕ್ಕೆ ಇಳಿಯುತ್ತೆ. ಮೈಯಲ್ಲಿ ಎಷ್ಟು ಶಕ್ತಿ ಇದೆಯೋ ಅದರಲ್ಲಿ ಅರ್ಧ ಮಾತ್ರ ಖರ್ಚು ಮಾಡಿ. ಸುಸ್ತಾಗೋ ಮುಂಚೆ ಕೂತ್ಕೊಳ್ಳಿ, ಸುಸ್ತಾದ ಮೇಲಲ್ಲ."

ಆ ಸಂಜೆ ತೂಕದಕ್ಕ ಅಡುಗೆಮನೆಯಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಮನೆಯಲ್ಲಿದ್ದ ಒಂದು ಕಿಲೋದ ಹಿತ್ತಾಳೆ ಬಟ್ಟು. ಎರಡನ್ನೂ ಎತ್ತಿ ಇಳಿಸಿ ನೋಡುತ್ತಿದ್ದಳು.

"ರೀ, ನನ್ನ ಕೈಗೆ ತೂಕ ತಿಳೀತಿಲ್ಲ. ಎಲ್ಲಾ ಒಂದೇ ಭಾರ."

ಇಪ್ಪತ್ತಾರು ವರ್ಷದಲ್ಲಿ ಅವಳ ಕಣ್ಣು ಒದ್ದೆಯಾದದ್ದನ್ನು ಬಾಯಿಕತ್ತರಿ ನೋಡಿದ್ದು ಅದೊಂದೇ ಸಲ. ಆಫೀಸು ಆರು ತಿಂಗಳ ರಜೆ ಕೊಟ್ಟಿತ್ತು. ರಜೆ ಮುಗಿದ ದಿನ ಅವಳು ವೇಬ್ರಿಜ್‌ಗೆ ಬಂದು, ಇಪ್ಪತ್ತು ಕಿಲೋದ ಹನ್ನೆರಡು ಕಬ್ಬಿಣದ ತೂಕದ ಕಲ್ಲುಗಳನ್ನು ತಾನೇ ಎತ್ತಿ ಅದರ ಮೇಲಿಟ್ಟು ಪರೀಕ್ಷೆ ಮಾಡಿ ತೋರಿಸಬೇಕು. ಆಗದಿದ್ದರೆ ಕಡತದ ಕೋಣೆಯ ಕುರ್ಚಿ. ಹದಿನೇಳರ ಉಳಿ ಬೇರೆಯವರ ಪಾಲು.

ಮರುದಿನದಿಂದ ಬಾಯಿಕತ್ತರಿ ಅಂಗಡಿಯ ಬಾಗಿಲು ತೆರೆಯುತ್ತಲೇ, ಗಿರಾಕಿಯ ಕತ್ತಿಗೆ ಬಟ್ಟೆ ಕಟ್ಟುತ್ತ, "ಮದ್ದು ಹೇಳಿ, ಆಮೇಲೆ ಕಟಿಂಗು" ಎನ್ನತೊಡಗಿದ. ಮದ್ದುಗಳು ಪ್ರವಾಹದಂತೆ ಹರಿದುಬಂದವು. ಗಣಿತದ ಮೇಷ್ಟ್ರು ಮೊಣಕಾಲಿಗೆ ಎಲೆಕೋಸಿನ ಎಲೆ ಕಟ್ಟಬೇಕೆಂದರು. ಕರೆಂಟಿನವನು ಸೊಂಟಕ್ಕೆ ತಾಮ್ರದ ತಂತಿ ಎಂದ. ಅಂಚೆಯವನು ಜೇನಿನಲ್ಲಿ ನೆನೆಸಿದ ಬೆಳ್ಳುಳ್ಳಿ. ಕ್ವಾರಿಯ ಲಾರಿ ಡ್ರೈವರ್ ಒಬ್ಬ, ಬೆಳಗಿನ ಇಬ್ಬನಿ ಹುಲ್ಲಿನಲ್ಲಿ ಬರಿಗಾಲಲ್ಲಿ ನಡೆಯಬೇಕು ಎಂದ. ಇನ್ನೊಬ್ಬ ಜೇನುನೊಣದಿಂದ ಕಚ್ಚಿಸಬೇಕು ಎಂದ. ಎಲ್ಲವನ್ನೂ ಬರೆದುಕೊಂಡು ಬಾಯಿಕತ್ತರಿ ಯುದ್ಧ ಗೆದ್ದವನಂತೆ ಮನೆಗೆ ಬಂದ.

ತೂಕದಕ್ಕ ಪಟ್ಟಿಯನ್ನು ಓದಿದಳು. "ಹುಲ್ಲಲ್ಲಿ ನಡೆದೇ ಈ ಗತಿ. ಅದು ತೆಗೀರಿ. ಒಂದು ಹುಳ ಕಚ್ಚಿ ಆಗಿದ್ದಕ್ಕೆ ಇನ್ನೊಂದು ಹುಳದ ಕೈಲಿ ಕಚ್ಚಿಸಬೇಕಾ? ಅದೂ ತೆಗೀರಿ. ತಂತಿ ಸುತ್ಕೊಳಕ್ಕೆ ನಾನೇನು ಮೋಟಾರಾ? ಉಳಿದಿದ್ದನ್ನ ಡಾಕ್ಟರಮ್ಮನಿಗೆ ತೋರಿಸಿ, ಬೇಡ ಅಂದಿದ್ದು ಬಿಟ್ಟು ಮಿಕ್ಕಿದ್ದು ನೋಡೋಣ."

"ಎಲ್ಲಾ ಒಟ್ಟಿಗೆ ಶುರು ಮಾಡಿಬಿಡೋಣ ಕಣೇ! ಯಾವುದಾದ್ರೂ ಒಂದು ನಾಟುತ್ತೆ."

"ಹತ್ತು ಜನ ತಕ್ಕಡಿ ಮೇಲೆ ನಿಂತ್ರೆ ಯಾರ ತೂಕ ಎಷ್ಟು ಅಂತ ಹೆಂಗ್ರೀ ಗೊತ್ತಾಗುತ್ತೆ? ಒಂದೊಂದೇ. ಎರಡು ವಾರ ಮದ್ದು, ಒಂದು ವಾರ ಖಾಲಿ. ಮುಳ್ಳು ಸೊನ್ನೆಗೆ ಬಂದಿದೆಯಾ ನೋಡದೆ ತೂಗೋದು ನಮ್ಮಲ್ಲಿ ಪಾಪ."

ಹೀಗೆ ಶುರುವಾಯಿತು ಆ ರಿಜಿಸ್ಟರು. ಬೆಳಿಗ್ಗೆ ಏಳಕ್ಕೆ ಅವಳು ಗೋಡೆಗಡಿಯಾರದ ಎದುರು ನಿಂತು, ಒಂದು ಕಿಲೋದ ಹಿತ್ತಾಳೆ ಬಟ್ಟನ್ನು ಹಿಡಿದು ತೋಳನ್ನು ನೇರ ಮುಂದೆ ಚಾಚುತ್ತಿದ್ದಳು. ಎಷ್ಟು ಸೆಕೆಂಡು ನಿಂತಿತೋ ಅಷ್ಟು ಬರೆ. ಮೊದಲ ದಿನ ನಾಲ್ಕು. ವೇಬ್ರಿಜ್‌ನ ತೂಕದ ಕಲ್ಲುಗಳನ್ನು ಲೋಟದಂತೆ ಎತ್ತಿಡುತ್ತಿದ್ದ ತೋಳು ನಾಲ್ಕೇ ಸೆಕೆಂಡಿಗೆ ಥರಥರ ನಡುಗಿ ಇಳಿಯಿತು. ಅವಳು ಅದನ್ನು ಬೇರೆ ಯಾರದೋ ತೋಳೆಂಬಂತೆ ನೋಡಿ, "ನಾಲ್ಕು" ಎಂದು ಬರೆದಳು. ಆ ನಾಲ್ಕನ್ನು ನಾಲ್ಕೂವರೆ ಎಂದು ಬರೆಯಲು ಅವಳ ಕೈ ಒಪ್ಪಲಿಲ್ಲ. ಬಾಯಿಕತ್ತರಿ ಬಾಗಿಲ ಸಂದಿಯಿಂದ ನೋಡುತ್ತಿದ್ದ. ತನ್ನ ಸೋಲನ್ನು ಇಷ್ಟು ಸರಿಯಾಗಿ ತೂಗುವ ಮನುಷ್ಯರು ಇರುತ್ತಾರೆಂದು ಅವನ ಕುರ್ಚಿಯ ಮೇಲೆ ಯಾರೂ ಹೇಳಿರಲಿಲ್ಲ.

ಎಲೆಕೋಸು ಎರಡು ವಾರ. ರಿಜಿಸ್ಟರಿನಲ್ಲಿ: "ಎಲೆ ಬಾಡಿತು. ನೋವು ಬಾಡಲಿಲ್ಲ. ಸೊನ್ನೆ." ಜೇನು ಬೆಳ್ಳುಳ್ಳಿ: "ಸೊನ್ನೆ. ಅತ್ತೆ ಮಾತ್ರ ಮೂರಡಿ ದೂರ ಕೂರುತ್ತಿದ್ದಾರೆ." ಶುಂಠಿ ಕಷಾಯ: "ಸೊನ್ನೆ. ರುಚಿಯಾಗಿದೆ. ರುಚಿಗಾಗಿ ಮುಂದುವರಿಸಬಹುದು." ಬಾಯಿಕತ್ತರಿಯ ತಾಯಿ, ಎಂಬತ್ತು ದಾಟಿದ ಮುದುಕಿ, "ಅಯ್ಯೋ, ಈ ಬೆಳ್ಳುಳ್ಳಿ ಗಿಳ್ಳುಳ್ಳಿ ಎಲ್ಲಾ ಬಿಟ್ಟು ಬಿಸಿನೀರಲ್ಲಿ ಕಾಲು ಬಿಟ್ಕೊಂಡು ಕೂತ್ಕೋಮ್ಮಾ" ಎಂದಳು. ಅದಕ್ಕೆ ಸೆಕೆಂಡು ಒಂದೂವರೆ ಏರಿತು. ಮಧ್ಯಾಹ್ನ ಗಡಿಯಾರ ನೋಡಿ ಒಂದು ಗಂಟೆ ಮಲಗಿದ್ದಕ್ಕೆ ಎರಡು ಏರಿತು. ಬೀದಿಯ ತಿರುವಿನವರೆಗೆ ನಿಧಾನ ನಡೆದು, ಸುಸ್ತಾಗುವ ಮೊದಲೇ ಹಿಂತಿರುಗಿದ್ದಕ್ಕೆ ಇನ್ನೊಂದು. ಒಂದು ದಿನ ಹುರುಪು ಬಂದು ಮನೆಯನ್ನೆಲ್ಲ ಒರೆಸಿದಳು. ಮರುದಿನ ಸೆಕೆಂಡಿನ ಮುಳ್ಳು ಮೂರಕ್ಕೆ ಬಿತ್ತು, ನಾಲ್ಕು ದಿನ ಮೇಲೇಳಲಿಲ್ಲ. ಕೆಂಪಕ್ಷರದಲ್ಲಿ ಬರೆದಳು: "ಇದ್ದದ್ದನ್ನೆಲ್ಲ ಖರ್ಚು ಮಾಡಿದ ತಪ್ಪು. ಡಾಕ್ಟರಮ್ಮ ಹೇಳಿದ್ದು ಅರ್ಧ." ವಿಚಿತ್ರವೆಂದರೆ, ಯಾವ ಮದ್ದೂ ಇಲ್ಲದ ಖಾಲಿ ವಾರಗಳಲ್ಲೂ ಮುಳ್ಳು ಬಸವನಹುಳದಂತೆ ತೆವಳಿ ಮೇಲೇರುತ್ತಿತ್ತು. ಎಲೆಕೋಸಿನ ಮೇಷ್ಟ್ರು ಅದು ತಮ್ಮ ಎಲೆಯದೇ ಪ್ರಭಾವ ಎಂದು ವಾದಿಸಿದರು. "ಹಂಗಾದ್ರೆ ವಾಸಿ ಮಾಡ್ತಿರೋ ಕಾಲದ ಸಂಬಳಾನೂ ನೀವೇ ಎಣಿಸ್ಕೊಳ್ಳಿ ಅಂತ ಹೇಳಿ" ಎಂದು ತೂಕದಕ್ಕ ಹೇಳಿಕಳಿಸಿದಳು.

ಕೊನೆಗೆ ಬಂತು ಬಾಯಿಕತ್ತರಿಯ ಸ್ವಂತ ಎಣ್ಣೆ. ಶುಂಠಿ, ಕರ್ಪೂರ, ಇನ್ನೂ ಏನೇನೋ ಹಾಕಿ ಅವನೇ ಕುದಿಸಿದ್ದು. ಬೋಳುತಲೆಯ ಮೇಲೆ ಸುರಿದರೆ ಅಂಗೈಯಲ್ಲೂ ಕೂದಲು ಬರುತ್ತದೆ ಎಂಬುದು ಅವನ ವಾದ. ದಿನಾ ಸಂಜೆ ಅಂಗಡಿ ಮುಚ್ಚಿ ಬಂದು, ತಲೆ ತಿಕ್ಕಿ ತಿಕ್ಕಿ ಪಳಗಿದ ಬೆರಳುಗಳಿಂದ ಅವಳ ಭುಜ, ಮೊಣಕೈ, ಮಣಿಕಟ್ಟುಗಳನ್ನು ಉಜ್ಜಿದ. ಮುಳ್ಳು ಹನ್ನೊಂದಕ್ಕೆ ಬಂದು ನಿಂತಿತು. ಹನ್ನೆರಡಾಗಲೊಲ್ಲದು.

ಆಗಲೇ ಆಫೀಸಿನ ಕಾಗದ ಬಂತು: ಇಂದಿಗೆ ಹನ್ನೆರಡನೆಯ ದಿನ, ಬೆಳಿಗ್ಗೆ ಹತ್ತಕ್ಕೆ, ವೇಬ್ರಿಜ್. ತೂಕದಕ್ಕ ಓದಿ ಮಡಚಿಟ್ಟಳು. ಕಪಾಟಿನಿಂದ ಹದಿನೇಳರ ಉಳಿಯನ್ನು ತೆಗೆದು, ಹತ್ತಿಬಟ್ಟೆಯಿಂದ ಒರೆಸಿ, ಅದನ್ನು ಹಾಗೇ ಕೈಯಲ್ಲಿಟ್ಟುಕೊಂಡು ಕೂತಳು. ಬಾಯಿಕತ್ತರಿಗೆ ಅದನ್ನು ನೋಡಲಾಗಲಿಲ್ಲ. ನೋಡಲಾಗದವನು ಮಾಡಬಾರದ್ದು ಮಾಡಿದ.

ಅವರ ಮನೆಯ ಹಿಂಬಾಗಿಲಿಗೆ ಗಾಳಿಗೆ ಬಡಿಯದಿರಲೆಂದು ಒಂದು ಬಟ್ಟನ್ನು ಆನಿಸಿಡುತ್ತಿದ್ದರು. ಎಷ್ಟೋ ವರ್ಷದ ಹಿಂದೆ ಒಬ್ಬ ಅಂಗಡಿಯವನಿಂದ ತೂಕದಕ್ಕ ವಶಪಡಿಸಿಕೊಂಡದ್ದು. ಒಳಗೆ ಕೊರೆದು ಮೇಣ ತುಂಬಿದ ಮೋಸದ ಬಟ್ಟು. ಕಣ್ಣಿಗೆ ಒಂದು ಕಿಲೋ, ಮೈಯಲ್ಲಿ ಎಂಟುನೂರೈವತ್ತು ಗ್ರಾಂ. ಕೇಸು ಮುಗಿದ ಮೇಲೆ ತಳದಲ್ಲಿ ರದ್ದಿನ ಗೀಟು ಹೊಡೆದು ಮನೆಗೆ ತಂದಿದ್ದಳು. ಬೆಳಿಗ್ಗೆ ಅವಳು ಮುಖ ತೊಳೆಯಲು ಹೋದಾಗ ಬಾಯಿಕತ್ತರಿ ಅವಳ ಹಿತ್ತಾಳೆ ಬಟ್ಟನ್ನೂ ಇದನ್ನೂ ಅದಲುಬದಲು ಮಾಡಿಬಿಟ್ಟ. ಬೇಲಿಯೇ ಎದ್ದು ಹೊಲ ಮೇಯಿತು.

ತೂಕದಕ್ಕ ಬಟ್ಟನ್ನು ಎತ್ತಿದಳು. ಕಣ್ಣು ಮುಚ್ಚಿ ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ತೋಳು ಚಾಚಿದಳು. ಹದಿನಾಲ್ಕು!

"ನೋಡಿದ್ಯಾ? ಎಣ್ಣೆ!" ಎಂದು ಕೂಗಲು ಬಾಯಿಕತ್ತರಿ ಬಾಯಿ ತೆರೆದ. ಅಷ್ಟರಲ್ಲಿ ಅವನಿಗೊಂದು ಸತ್ಯ ಹೊಳೆಯಿತು: ಈ ಬಾಯಿಯಿಂದ ಒಂದು ಮಾತು ಹೊರಟರೆ ಅದರ ಬೆನ್ನಿಗೇ ಉಳಿದದ್ದೆಲ್ಲ ಹೊರಡುತ್ತದೆ, ಬಟ್ಟು ಸಮೇತ. ಬಾಯಿ ಮುಚ್ಚಿದ. ಮುಚ್ಚಿದ ಬಾಯಿ ಹನ್ನೊಂದು ದಿನ ತೆರೆಯಲಿಲ್ಲ. ಅಂಗಡಿಯಲ್ಲಿ ಬರೀ ಕತ್ತರಿಯ ಸದ್ದು. ಗಿರಾಕಿಗಳು ಹೆದರಿದರು. "ಹಲ್ಲುನೋವಾ? ಲವಂಗ ಇಟ್ಕೊಳ್ಳಿ" ಎಂದರು ಮೇಷ್ಟ್ರು. ಇವನು ಬರೇ ತಲೆಯಾಡಿಸಿದ. ಕಟಿಂಗುಗಳು ಎಷ್ಟು ಬೇಗ ಮುಗಿಯತೊಡಗಿದವೆಂದರೆ ಬೆಂಚಿನಲ್ಲಿ ಕಾಯುವವರೇ ಇಲ್ಲದಂತಾಯಿತು. ಮನೆಯಲ್ಲೂ ಅದೇ. ಸಂಜೆ ಬರುವುದು, ತುಟಿ ಬಿಚ್ಚದೆ ಎಣ್ಣೆ ಉಜ್ಜುವುದು. ಒಳಗೊಳಗೇ ಅವನ ಜೀವ ಬೇಯುತ್ತಿತ್ತು. ಬಟ್ಟನ್ನು ವಾಪಸ್ ಇಟ್ಟರೆ ಮುಳ್ಳು ಕುಸಿದು ಇವಳ ಎದೆಯೂ ಕುಸಿಯುತ್ತದೆ. ಇಡದಿದ್ದರೆ ಸುಳ್ಳು ಲೆಕ್ಕ ನಂಬಿ ಇಪ್ಪತ್ತು ಕಿಲೋದ ಕಲ್ಲಿಗೆ ಕೈ ಹಾಕುತ್ತಾಳೆ, ಅಲ್ಲೇ ಮುರಿದು ಬೀಳುತ್ತಾಳೆ.

ಆ ದಿನ ಬಂದೇ ಬಂತು. ಕ್ವಾರಿಯ ದೂಳು, ಸಾಲಾಗಿ ನಿಂತ ಒಂಬತ್ತು ಲಾರಿ, ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತ ದೊಡ್ಡ ಸಾಹೇಬರು. ವೇಬ್ರಿಜ್ ಸುತ್ತಲ ಹುಲ್ಲನ್ನು ಬುಡದವರೆಗೂ ಸವರಿಸಿದ್ದಳು ತೂಕದಕ್ಕ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿದ್ದಳು. ಬಾಯಿಕತ್ತರಿಯ ಕೈಯಲ್ಲಿ ಅಂಗಡಿಯ ಸ್ಟೂಲು. ಅವಳೇ ತರಹೇಳಿದ್ದಳು, ಯಾಕೆಂದು ಹೇಳಿರಲಿಲ್ಲ.

ಅವಳು ಮೊದಲ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆನ್ನು ನೇರ ಮಾಡಿ, ಎರಡೂ ಕೈಯಿಂದ ಎತ್ತಿದಳು. ಹತ್ತು ಹೆಜ್ಜೆ ನಡೆದು ವೇಬ್ರಿಜ್ ಮೇಲೆ ಇಟ್ಟಳು. ಬಂದು ಸ್ಟೂಲಿನ ಮೇಲೆ ಕೂತಳು. ಹತ್ತು ನಿಮಿಷ. ಎದ್ದಳು, ಎರಡನೆಯದು. ಕೂತಳು. ಲಾರಿಯವರು ಹಾರನ್ ಬಾರಿಸಿದರು. ಸಾಹೇಬರು ಗಡಿಯಾರ ನೋಡಿಕೊಂಡರು.

"ಅಕ್ಕಾ, ಮುಂಚೆ ಇದನ್ನ ಕಾಲು ಗಂಟೇಲಿ ಮುಗಿಸ್ತಿದ್ರಿ."

"ಹೌದು ಸಾರ್. ನಿಯಮದಲ್ಲಿ ಎಷ್ಟು ಕಿಲೋ ಅಂತ ಬರೆದಿದೆ. ಎಷ್ಟು ಹೊತ್ತು ಅಂತ ಬರೆದಿಲ್ಲ. ವಿಶ್ರಾಂತಿ ತಗೊಂಡು ಎತ್ತಬಹುದು ಅಂತ ಡಾಕ್ಟರಮ್ಮನ ಚೀಟಿ ಇದೆ."

ಸಾಹೇಬರು ನಿಯಮದ ಪುಸ್ತಕ ತಿರುವಿದರು. ಬರೆದಿರಲಿಲ್ಲ. ಅವರು ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿದರು.

ಐದು. ಆರು. ಏಳನೆಯದಕ್ಕೆ ಹಾರನ್‌ಗಳು ತಾವಾಗಿಯೇ ನಿಂತವು. ಡ್ರೈವರುಗಳು ಕೆಳಗಿಳಿದು ಸಾಲಾಗಿ ನಿಂತರು. ಅವಳು ಕೂತಾಗಲೆಲ್ಲ ಎಲ್ಲರೂ ಒಟ್ಟಿಗೆ ಉಸಿರು ಬಿಡುತ್ತಿದ್ದರು. ಆ ಉಸಿರಿಗೇ ಕ್ವಾರಿಯ ದೂಳೆದ್ದಿತೆಂದು ಆಮೇಲೆ ಹೇಳಿದವರಿದ್ದಾರೆ.

ಒಂಬತ್ತನೆಯ ಕಲ್ಲನ್ನು ಅವಳು ನಾಲ್ಕು ಬೆರಳಷ್ಟು ಎತ್ತಿದಳು. ಮತ್ತೆ ಕೆಳಗಿಟ್ಟಳು. ಬಾಯಿಕತ್ತರಿ ಸ್ಟೂಲನ್ನು ಅವಳತ್ತ ಸರಿಸಿದ. ಮುಗಿಯಿತು, ಎಲ್ಲ ತನ್ನಿಂದಲೇ.

"ಇದು ಇಪ್ಪತ್ತಲ್ಲ" ಎಂದಳು ತೂಕದಕ್ಕ.

"ಸುಸ್ತಾಗಿದ್ರೆ ಹೇಳಿ ಅಕ್ಕಾ" ಎಂದರು ಸಾಹೇಬರು ಮೃದುವಾಗಿ. "ಕಲ್ಲಿನ ಮೇಲೆ ಯಾಕೆ ಗೂಬೆ ಕೂರಿಸ್ತೀರಿ? ಆಫೀಸಿನ ಕಲ್ಲು ಅದು."

"ಆಫೀಸಿನದಾದ್ರೆ? ಇನ್ನೂರು ಗ್ರಾಂ ಕಮ್ಮಿ ಇದೆ."

ಗೇಟಿನ ಬಳಿ ಸಿಮೆಂಟು ಚೀಲ ತೂಗುವ ಯಂತ್ರವಿತ್ತು. ಇಬ್ಬರು ಡ್ರೈವರುಗಳು ಕಲ್ಲನ್ನು ಹೊತ್ತೊಯ್ದರು. "ಮೊದಲು ಸೊನ್ನೆ ನೋಡ್ರಪ್ಪಾ!" ಎಂದು ಅವಳು ಸ್ಟೂಲಿನಿಂದಲೇ ಕೂಗಿದಳು. ಸೊನ್ನೆ ನೋಡಿದರು, ಇಟ್ಟರು. ಹತ್ತೊಂಬತ್ತು ಕಿಲೋ ಎಂಟುನೂರು. ಮಗುಚಿ ನೋಡಿದರೆ, ತೂಕ ಸರಿದೂಗಿಸಲು ಕಲ್ಲಿನ ತಳಕ್ಕೆ ಹೊಯ್ದಿದ್ದ ಸೀಸ ಎಲ್ಲೋ ಕಳಚಿ ಬಿದ್ದು, ಬರೀ ತೂತು ಬಾಯಿ ಬಿಟ್ಟುಕೊಂಡಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಡ್ರೈವರ್ ಮಾತ್ರ ತಲೆಗೆ ಸುತ್ತಿದ್ದ ಟವೆಲ್ಲನ್ನು ಮೆಲ್ಲಗೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ದೊಡ್ಡ ಸಾಹೇಬರು ಕುರ್ಚಿಯಿಂದ ಎದ್ದು ನಿಂತವರು ಉಳಿದ ಕಲ್ಲುಗಳು ಮುಗಿಯುವವರೆಗೂ ಕೂರಲಿಲ್ಲ. ಕಮ್ಮಿಯಾದ ಕಲ್ಲಿನ ಬದಲು ಇನ್ನೊಂದನ್ನು ತರಿಸಿ, ಹನ್ನೆರಡೂ ಮುಗಿದಾಗ ಎರಡೂವರೆ ಗಂಟೆ ಕಳೆದಿತ್ತು. ಬೆಳಿಗ್ಗೆ ಅವಳು ತಂದೊಪ್ಪಿಸಿದ್ದ ಹದಿನೇಳರ ಉಳಿಯನ್ನು ಸಾಹೇಬರು ಎರಡೂ ಕೈಯಿಂದ ಅವಳಿಗೇ ಹಿಂತಿರುಗಿಸಿದರು.

ಬಾಯಿಕತ್ತರಿಯ ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ. ಇಪ್ಪತ್ತು ಕಿಲೋದಲ್ಲಿ ಇನ್ನೂರು ಗ್ರಾಂ ಹಿಡಿದವಳು ಒಂದು ಕಿಲೋದಲ್ಲಿ ನೂರೈವತ್ತು ಗ್ರಾಂ ಬಿಟ್ಟಾಳೆಯೇ? ಬಸ್ಸಿನಲ್ಲಿ ಮನೆಗೆ ಬರುವವರೆಗೂ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ, ಅವನು ಕೂತಲ್ಲಿ ಕೂರಲಿಲ್ಲ.

ಮನೆಯಲ್ಲಿ ಅವಳು ದಿಂಬಿನ ಮೇಲೆ ಕಾಲಿಟ್ಟು ಒರಗಿದಳು. "ರಿಜಿಸ್ಟರು ಕೊಡ್ರೀ" ಎಂದಳು.

ಅವನು ಕೊಟ್ಟ. ಕೊಟ್ಟವನು ತಡೆಯಲಾರದೆ ಕಕ್ಕಿಬಿಟ್ಟ: "ಬಟ್ಟು ಬದಲಾಯಿಸಿದ್ದು ನಾನೇ ಕಣೇ!"

ಅವಳು ಹಾಳೆ ತಿರುವಿ ಅವನ ಮುಂದೆ ಹಿಡಿದಳು. ಆ ಹನ್ನೊಂದು ದಿನದ ಅಂಕಿಗಳೆಲ್ಲ ಪೆನ್ಸಿಲಿನಲ್ಲಿದ್ದವು, ಎದುರಿಗೆ "ಅಮಾನ್ಯ" ಎಂದಿತ್ತು. ಮೊದಲ ದಿನದ ಸಾಲಿನಲ್ಲಿ, ಎಂದಿನ ಅಕ್ಷರಕ್ಕಿಂತ ಸ್ವಲ್ಪ ದೊಡ್ಡದಾಗಿ, ಹೀಗೆ ಬರೆದಿತ್ತು: "ತೂಕ ಕಮ್ಮಿ. ಸುಮಾರು ನೂರೈವತ್ತು. ಕೈ ಬಂತು."

ಬಾಯಿಕತ್ತರಿ ಕೊನೆಯ ಆ ಎರಡು ಪದಗಳನ್ನು ಎಷ್ಟು ಹೊತ್ತು ನೋಡಿದನೋ. ತಾನು ಮೋಸ ಮಾಡಿದ ಬೆಳಿಗ್ಗೆಯೇ, ಜೋಮು ಹಿಡಿದ ಆ ಅಂಗೈಯೊಳಗೆ, ಹೋಗಿದ್ದದ್ದು ಸದ್ದಿಲ್ಲದೆ ವಾಪಸ್ ಬಂದು ಕೂತಿತ್ತು. ಅವಳು ಕಣ್ಣು ಮುಚ್ಚಿ ನಿಂತಿದ್ದ ಆ ಒಂದು ಗಳಿಗೆ ಅದನ್ನು ಬರಮಾಡಿಕೊಂಡ ಗಳಿಗೆ.

"ಹಂಗಾದ್ರೆ ನನ್ನ ಎಣ್ಣೆ?"

"ಎಣ್ಣೆ ಸೊನ್ನೆ. ಉಜ್ಜಿದ್ದಕ್ಕೆ ಎರಡು ಸೆಕೆಂಡು. ಒಂದಿನ ಸಂಜೆ ಎಣ್ಣೆ ಸೀಸೆಗೆ ನಾನು ಬರೀ ಅಡುಗೆ ಎಣ್ಣೆ ತುಂಬಿಸಿಟ್ಟಿದ್ದೆ. ನಿಮಗೆ ಗೊತ್ತೇ ಆಗಲಿಲ್ಲ. ಮಾರನೇ ಬೆಳಿಗ್ಗೆ ಲೆಕ್ಕ ಅಷ್ಟೇ ಬಂತು."

"ಮೊದಲ ದಿನವೇ ಗೊತ್ತಾಗಿದ್ದೂ ಹನ್ನೊಂದು ದಿನ ಯಾಕೇ ಸುಮ್ನಿದ್ದೆ? ಹಿಡಿದು ಎರಡು ಬಾರಿಸಬಾರದಿತ್ತಾ?"

ತೂಕದಕ್ಕ ರಿಜಿಸ್ಟರನ್ನು ಮುಚ್ಚಿ ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು.

"ಹಿಡಿದಿದ್ರೆ ನೀವು ಮಾತು ಶುರು ಮಾಡ್ತಿದ್ರಿ. ಆ ಹನ್ನೊಂದು ದಿನ ಮನೇಲಿ ಎಂಥಾ ನಿದ್ದೆ ಬಂತು ಅಂತೀರಿ! ನಿಮ್ಮ ಕುರ್ಚಿ ಮೇಲೆ ಹುಟ್ಟಿದ ಮದ್ದುಗಳಲ್ಲಿ ನನಗೆ ಪೂರ್ತಿ ನಾಟಿದ್ದು ಅದೊಂದೇ ಕಣ್ರೀ. ಗಿರಾಕಿಗಳಿಗೂ ಹೇಳಿ. ಆದ್ರೆ ಬಾಯಿ ಬಿಡದೆ ಹೇಳಿ."